ಹದಿನಾಲ್ಕು ಮಾವಿನಮರಗಳ ನೆರಳು

"ಈ ಮರಗಳನ್ನ ನೆಟ್ಟಿದ್ದು ಯಾರು, ಡಾಮಿರ್?"

ಡಾಮಿರ್ ಮರುಶಿಚ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ಕನ್ನಡಕ ಕೊಳೆಯಾಗಿರಲಿಲ್ಲ ಎಂಬುದು ಡಿಟೆಕ್ಟಿವ್ ಸಾರ್ಜೆಂಟ್ ಲೂಪೆ ಫುಯಿಮಾವೊನೊಗೆ ಗೊತ್ತಿತ್ತು. ಇಷ್ಟು ವರ್ಷದ ಸ್ನೇಹದಲ್ಲಿ ಅವನ ಇಂಥ ಚಾಳಿಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು.

"ಯಾವ ಮರ?" ಎಂದ.

"ಕಣ್ಣೆದುರಿಗೇ ಇವೆಯಲ್ಲೋ. ಬೆಲ್‌ಬರ್ಡ್ ಕೋರ್ಟಿನ ಮುಂದೆ, ಸಾಲಾಗಿ."

ಡಾಮಿರನ ಕಚೇರಿಯ ಗೋಡೆಯಗಲದ ಪರದೆಯ ಮೇಲೆ ಊರಿಗೆ ಊರೇ ಹರಡಿಕೊಂಡಿತ್ತು. ಸಿಡ್ನಿಯ ಪಶ್ಚಿಮದ ಅಂಚಿನ ವೊರಿಂಗಾ ಅದು. ಆದರೆ ಕಂಪ್ಯೂಟರಿನೊಳಗಿನ ವೊರಿಂಗಾ. ಮನೆ, ತಗಡಿನ ಸೂರು, ಡಾಂಬರು, ಮರ ಎಲ್ಲವನ್ನೂ ಅಳೆದು ಒಳಗೆ ಕೂರಿಸಿದ್ದರು. ಊರಿನ ಆಡಳಿತ ನೋಡುವ ಕೌನ್ಸಿಲಿನವರು ಅದನ್ನು ಮುದ್ದಿನಿಂದ 'ಅವಳಿ' ಎಂದು ಕರೆಯುತ್ತಿದ್ದರು. ನಾಳೆಯ ಬಿಸಿಲು ಯಾವ ಬೀದಿಯನ್ನು ಎಷ್ಟು ಕಾಯಿಸುತ್ತದೆ ಎಂದು ಅವಳಿ ಇವತ್ತೇ ಹೇಳುತ್ತಿತ್ತು. ಕಾಯುವ ಬೀದಿ ಕೆಂಪು, ತಂಪಾಗಿರುವ ಬೀದಿ ನೀಲಿ.

ಬೆಲ್‌ಬರ್ಡ್ ಕೋರ್ಟ್ ಎಂಬ ವಸತಿ ಕಟ್ಟಡ ತಣ್ಣನೆಯ ನೀಲಿಯಲ್ಲಿ ಮುಳುಗಿತ್ತು. ಜನವರಿಯ ನಡುಬೇಸಿಗೆಯ ಬಿಸಿಗಾಳಿಯಲ್ಲಿ ಡೊರಿಸ್ ಬುಜೇಯಾ ಎಂಬ ಮುದುಕಿ ಸತ್ತಿದ್ದು ಆ ನೀಲಿ ಕಟ್ಟಡದ ಮೂರನೇ ಮಹಡಿಯಲ್ಲೇ. ಆ ಸಾವಿನ ವಿಚಾರಣೆ ಈಗ ಲೂಪೆಯ ತಲೆಯ ಮೇಲಿತ್ತು.

"ಬೆಳಿಗ್ಗೆ ನಾನು ಅಲ್ಲಿಗೇ ಹೋಗಿದ್ದೆ," ಎಂದಳು. "ಮರ ಹಾಳಾಗಲಿ, ಒಂದು ಗರಿಕೆ ಇಲ್ಲ. ಬರೀ ಕಾರು ನಿಲ್ಲಿಸೋ ಡಾಂಬರು. ಬೂಟಿನ ಅಡಿ ಅಂಟ್ಕೊಳ್ತಿತ್ತು."

"ಅಂದ್ರೆ ಯಾರೋ ಕಡಿದಿರಬೇಕು."

"ಕಡಿದ್ರೆ ಬುಡ ಇರ್ಬೇಕಲ್ವಾ?"

ಡಾಮಿರ್ ಕನ್ನಡಕ ಹಾಕಿಕೊಂಡ. ಪರದೆಯ ಹತ್ತಿರ ಹೋಗಿ, ಮೊದಲ ಸಲ ನೋಡುವವನಂತೆ ನೋಡಿದ. ಲೂಪೆಗೆ ಅವನ ಮೇಲೆ ಕನಿಕರವೇ ಬಂತು. ಈ ಅವಳಿ ಅವನೇ ಕಟ್ಟಿದ್ದು, ಅವನ ಹೊಟ್ಟೆಯಲ್ಲಿ ಹುಟ್ಟಿದ ಕೂಸಿನಂತೆ. ಯಾರೋ ಅವನ ಬೆನ್ನ ಹಿಂದೆ ಅದರೊಳಗೆ ಕೈಯಾಡಿಸಿದ್ದಾರೆ, ಪಾಪ, ಅವನಿಗೇ ಗೊತ್ತಿಲ್ಲ ಎಂದುಕೊಂಡೇ ಅವಳು ಬಂದಿದ್ದಳು. ಬೇರೆ ಯಾರ ಬಾಗಿಲನ್ನೂ ತಟ್ಟದೆ ಸೀದಾ ಇವನ ಬಳಿಗೇ ಬಂದಿದ್ದಳು.

"ನಾಳೆ ನಲವತ್ತಾರು ಡಿಗ್ರಿ ಅಂತಿದಾರೆ," ಎಂದಳು. "ಕೆಂಪು ಕಟ್ಟಡದ ಮುದುಕರಿಗೆಲ್ಲ ಬಸ್ಸು ಬರುತ್ತೆ, ಕ್ಲಬ್ಬಿನ ಏಸಿ ಹಾಲಲ್ಲಿ ಕೂರಿಸ್ತಾರೆ. ನೀಲಿ ಕಟ್ಟಡಕ್ಕೆ ಬಸ್ಸಿಲ್ಲ. ಇವತ್ತು ನಾಲ್ಕು ಗಂಟೆಗೆ ಬಸ್ಸಿನ ಪಟ್ಟಿಗೆ ಬೀಗ. ಆಮೇಲೆ ದೇವರು ಬಂದ್ರೂ ಬದಲಾಯಿಸಲ್ಲ ಅಂತ ಕೌನ್ಸಿಲಿನ ತುರ್ತು ವಿಭಾಗದ ಬ್ರೊನ್ವಿನ್ ಹೇಳಿಬಿಟ್ಟಿದಾಳೆ."

"ನೀನು ಫೋಟೋ ಕಳಿಸಿದ್ರೆ ಸಾಕಲ್ಲ?"

"ಕಳಿಸ್ದೆ. ಏನಂದಳು ಗೊತ್ತಾ? 'ಆ ಮರಗಳಿಗೆ ಸ್ಥಳದ ಸಾಕ್ಷಿ ಇದೆ ಸಾರ್ಜೆಂಟ್. ನಮ್ಮ ಮನುಷ್ಯನೇ ನಿಂತು ನೋಡಿ ಹೇಳಿದಾನೆ. ಆ ಸಾಕ್ಷಿ ಸುಳ್ಳು ಅಂತ ತೋರಿಸಿ, ಇಲ್ಲಾಂದ್ರೆ ಸೋಮವಾರ ಬನ್ನಿ' ಅಂದ್ಳು. ಸೋಮವಾರ ಬಂದು ಹೆಣ ಎಣಿಸ್ಲಾ?"

ಡಾಮಿರ್ ನಗಲಿಲ್ಲ. ಬೇರೆ ದಿನವಾಗಿದ್ದರೆ ಬ್ರೊನ್ವಿನ್ನಳ ಮೂಗಿನ ದನಿಯನ್ನು ಅನುಕರಿಸಿ ಲೂಪೆಯನ್ನು ನಗಿಸುತ್ತಿದ್ದ.

"ಚೆನ್ಸು ಎಲ್ಲಿದಾರೆ?" ಎಂದು ಕೇಳಿದ. ಚೆನ್ಸು ಬುಜೇಯಾ ಸತ್ತ ಡೊರಿಸ್‌ಳ ಗಂಡ. ಮಾಲ್ಟಾದಿಂದ ಬಂದು ಇಲ್ಲಿ ಜೀವಮಾನವೆಲ್ಲ ತರಕಾರಿ ಬೆಳೆದ ಮುದುಕ. ಮುದುಕಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಡಾಮಿರನೂ ಒಬ್ಬ. ಜನ ಸಾಲದೆಂದು ಲೂಪೆಯೇ ಕರೆದೊಯ್ದಿದ್ದಳು.

"ಅಮ್ಮನ ಮನೇಲಿ. ಒಂದು ಮಧ್ಯಾಹ್ನ ಆದ್ರೂ ನೆರಳಲ್ಲಿ ಕೂತ್ಕೊಳ್ಳಿ ಅಂತ ಬಲವಂತ ಮಾಡಿ ಬಿಟ್ಟು ಬಂದೆ. ಸಂಜೆ ವಾಪಸ್ ಹೋಗ್ಲೇಬೇಕಂತೆ, ಡೊರಿಸ್ ಸಾಕಿದ ಹಕ್ಕಿಗೆ ನೀರಿಡೋಕೆ. ನಾಳೆ ಬಸ್ಸು ಬಂದು ಕಟ್ಟಡದವರನ್ನೆಲ್ಲ ಕರ್ಕೊಂಡು ಹೋದ್ರೆ ತಾನೂ ಬರ್ತಾರಂತೆ. ಇಲ್ದಿದ್ರೆ ಹೆಂಡತಿ ಸತ್ತ ಕೋಣೇಲೇ ಕೂರ್ತೀನಿ ಅಂತ ಹಟ."

"ಹಟಮಾರಿ."

"ನಾನು ಮಾತು ಕೊಟ್ಟಿದೀನಿ ಡಾಮಿರ್. ಬಸ್ಸು ಬರುತ್ತೆ ಅಂತ."

ಅವಳು ಪರದೆಯ ಮುಂದಿನ ಕುರ್ಚಿಯಲ್ಲಿ ಕೂತು, ಮರಗಳ ಸಾಲನ್ನು ಹತ್ತಿರಕ್ಕೆ ಎಳೆದಳು. ಅವಳಿಯ ಉಳಿದ ಮರಗಳೆಲ್ಲ ಮಕ್ಕಳು ಬರೆದ ಚಿತ್ರದ ಹಾಗಿದ್ದವು: ಒಂದು ಕಡ್ಡಿ, ಮೇಲೊಂದು ಹಸಿರು ಚೆಂಡು. ಈ ಹದಿನಾಲ್ಕು ಮಾತ್ರ ಬೇರೆ. ಕೊಂಬೆ ಕೊಂಬೆಯೂ ಎದ್ದು ಕಾಣುತ್ತಿತ್ತು. ಉದ್ದನೆಯ ಎಲೆಗಳ ದಟ್ಟ ಗೊಂಚಲುಗಳು.

"ಇವು ಮಾವು," ಎಂದಳು.

"ಇರಬಹುದು."

"ಇರಬಹುದಲ್ಲ, ಮಾವೇ. ಕೌನ್ಸಿಲ್ ಯಾವತ್ತಾದ್ರೂ ಮಾವು ನೆಟ್ಟಿದ್ದು ಕೇಳಿದೀಯಾ? ಹಣ್ಣು ಕಾರಿನ ಮೇಲೆ ಬಿದ್ರೆ ಜನ ದೂರು ಕೊಡ್ತಾರೆ ಅಂತ ಇವರು ಹಣ್ಣಿನ ಮರಾನೇ ಮುಟ್ಟಲ್ಲ. ಸೆಫೊ ದಿನಾ ಗೊಣಗ್ತಾನೆ."

ಸೆಫೊ ಅವಳ ತಮ್ಮ. ಕೌನ್ಸಿಲಿನ ಉದ್ಯಾನ ವಿಭಾಗದಲ್ಲಿ ಮರ ಕಡಿಯುವ, ನೆಡುವ ಗುಂಪಿನ ಮೇಲ್ವಿಚಾರಕ.

"ಇರು, ಕಾಫಿ ತರ್ತೀನಿ," ಎಂದು ಡಾಮಿರ್ ಬಾಗಿಲ ಕಡೆ ತಿರುಗಿದ.

"ಈಗ ಕಾಫಿ ಯಾರಿಗೆ ಬೇಕೋ?"

"ನಂಗೆ ಬೇಕು." ಬಾಗಿಲು ಎಳೆದುಕೊಂಡು ಹೋದ.

ಲೂಪೆ ಮೊದಲನೆಯ ಮರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಲಗಡೆಯ ದಪ್ಪ ಕೊಂಬೆಯಿಂದ ಎರಡು ಗೆರೆಗಳು ಇಳಿಬಿದ್ದಿದ್ದವು. ಒಂದು ಸಪೂರ, ಇನ್ನೊಂದು ಪಟ್ಟಿಯಷ್ಟು ಅಗಲ. ಎರಡೂ ನೆಲದವರೆಗೆ ಬಾರದೆ ನಡುವೆಯೇ ಕತ್ತರಿಸಿದಂತೆ ನಿಂತಿದ್ದವು. ಎರಡನೆಯ ಮರ ನೋಡಿದಳು. ಅದೇ ಕೊಂಬೆ, ಅದೇ ಎರಡು ಗೆರೆ. ಮೂರನೆಯದರಲ್ಲೂ ಅದೇ. ಕೊನೆಯದರವರೆಗೂ ಅದೇ.

ಒಂದೇ ಮರ. ಹದಿನಾಲ್ಕು ಸಲ ಅಂಟಿಸಿದ ಒಂದೇ ಮರ.

ಆ ಮರ ಯಾವುದು ಎಂದು ಅವಳ ಕಣ್ಣಿಗೆ ಗೊತ್ತಾಗಿಬಿಟ್ಟಿತ್ತು. ಮನಸ್ಸು ಮಾತ್ರ ಒಪ್ಪದೆ ಹಟ ಹಿಡಿಯಿತು.

ಅವಳ ಅಪ್ಪ ಸಮೋವಾದಿಂದ ಇಲ್ಲಿಗೆ ಬಂದ ವರ್ಷ ಹಿತ್ತಲಲ್ಲಿ ಒಂದು ಮಾವು ನೆಟ್ಟಿದ್ದ. ಈ ಊರಿನ ಚಳಿಗೆ ಅದು ಬದುಕುವುದಿಲ್ಲ ಎಂದು ಬೀದಿಯವರೆಲ್ಲ ಬುದ್ಧಿ ಹೇಳಿದ್ದರು. ಮರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ಹೋದ ಮೇಲೂ ಬೆಳೆಯಿತು. ಅಕ್ಟೋಬರಿನಲ್ಲಿ ಸಮೋವಾದವರ ಬಿಳಿ ಭಾನುವಾರ ಬಂದರೆ ಆ ಮರಕ್ಕೆ ಉಯ್ಯಾಲೆ. ಅವತ್ತು ಚರ್ಚಿನಲ್ಲಿ ಮಕ್ಕಳದೇ ಪಾರುಪತ್ಯ. ಬಿಳಿ ಬಟ್ಟೆ ತೊಟ್ಟು ಅವರೇ ಹಾಡುತ್ತಾರೆ, ಅವರೇ ಓದುತ್ತಾರೆ, ಮನೆಗೆ ಬಂದರೆ ದೊಡ್ಡವರಿಗಿಂತ ಮೊದಲು ಅವರಿಗೇ ಊಟ. ಸೋಮವಾರ ಬೆಳಗಾದರೆ ಅಮ್ಮ ಉಯ್ಯಾಲೆ ಬಿಚ್ಚಿ ಒಳಗಿಡುತ್ತಾಳೆ. ಚಿಕ್ಕಂದಿನಲ್ಲಿ ಸೆಫೊ ಅದರಿಂದ ಬಿದ್ದು ಕೈ ಮುರಿದುಕೊಂಡ ಮೇಲೆ ಅವಳದು ಈ ಕಟ್ಟುನಿಟ್ಟು. ವರ್ಷದಲ್ಲಿ ಒಂದೇ ದಿನ ಆ ಮರಕ್ಕೆ ಹಗ್ಗ.

ಕಳೆದ ಸಲ ಒಂದು ಹಗ್ಗ ಸಾಲದೆ ಬಂತು. ಆಗ ಡಾಮಿರ್ ತನ್ನ ಕಾರಿನಿಂದ ಸಾಮಾನು ಬಿಗಿಯುವ ಅಗಲ ಪಟ್ಟಿಯನ್ನು ತಂದು, ಏಣಿ ಹತ್ತಿ, ತಾನೇ ಕಟ್ಟಿದ್ದ. ಆಮೇಲೆ ಬೆನ್ನಿಗೆ ಲೇಸರ್ ಯಂತ್ರ ಹೇರಿಕೊಂಡು ಮರದ ಸುತ್ತ ನಡೆದಿದ್ದ. ಮಕ್ಕಳ ದಂಡು ಅವನ ಹಿಂದೆ. "ನಿಮ್ಮ ತಾತನ ಮರಾನ ಕಂಪ್ಯೂಟರ್ ಒಳಗೆ ಇಡ್ತೀನಿ, ಸಾವಿರ ವರ್ಷ ಇರುತ್ತೆ," ಎಂದಿದ್ದ. ಅಮ್ಮ ಕಣ್ಣೊರೆಸಿಕೊಂಡು, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದ್ದಳು.

ಬಾಗಿಲು ತೆರೆಯಿತು. ಡಾಮಿರ್ ಬರಿಗೈಯಲ್ಲಿ ಬಂದ.

"ಕಾಫಿ?"

"ಮಷಿನ್ ಕೆಟ್ಟಿದೆ."

ಗಾಜಿನ ಗೋಡೆಯಾಚೆ ಕಚೇರಿಯ ಹುಡುಗಿಯೊಬ್ಬಳು ಹೊಗೆಯಾಡುವ ಲೋಟ ಹಿಡಿದು ಊದುತ್ತ ಹೋದಳು. ಲೂಪೆ ಅದನ್ನು ನೋಡಿದಳು. ಆದರೆ ಆ ಹೊತ್ತಿಗೆ ಅವಳ ತಲೆಯಲ್ಲಿ ಕಾಫಿಗೆ ಜಾಗವಿರಲಿಲ್ಲ.

"ಇವೇನು?" ಪರದೆಯ ಮೇಲಿನ ಎರಡು ಗೆರೆಗಳ ಮೇಲೆ ಬೆರಳಿಟ್ಟಳು.

"ಯಂತ್ರದ ದೋಷ ಇರ್ಬೇಕು. ಒಮ್ಮೊಮ್ಮೆ ಹಕ್ಕಿ ಗಿಕ್ಕಿ ಅಡ್ಡ ಬಂದ್ರೆ..."

"ಹದಿನಾಲ್ಕು ಮರಕ್ಕೂ ಒಂದೇ ಹಕ್ಕಿನಾ?"

ಲೂಪೆ ಕುರ್ಚಿಯಿಂದ ಎದ್ದಳು.

"ನೆಲದಿಂದ ಆಳೆತ್ತರದವರೆಗೆ ಇರೋದನ್ನೆಲ್ಲ ಅಳಿಸ್ತೀವಿ, ಕಾಂಡ ಮಾತ್ರ ಉಳಿಸ್ತೀವಿ ಅಂತ ನೀನೇ ಹೇಳಿದ್ದೆ. ಜನ, ನಾಯಿ, ಕುರ್ಚಿ ಎಲ್ಲ ಹೋಗ್ಲಿ ಅಂತ. ಅಳಿಸಿದೀಯ. ಮಕ್ಕಳು ಹೋದ್ರು, ಉಯ್ಯಾಲೆ ಹಲಗೆ ಹೋಯ್ತು. ಮೇಲಿನ ಹಗ್ಗ ಮರೆತುಬಿಟ್ಟೆ. ಒಂದು ಹಗ್ಗ, ಒಂದು ನಿನ್ನ ಕಾರಿನ ಪಟ್ಟಿ."

"ಲೂಪೆ..."

"ನಮ್ಮಪ್ಪನ ಮರ ಕಣೋ ಅದು!"

ಅವಳ ದನಿ ಎಷ್ಟು ಏರಿತೆಂದರೆ ಗಾಜಿನಾಚೆ ತಲೆಗಳು ತಿರುಗಿದವು. ಡಾಮಿರ್ ಪರದೆಯನ್ನೇ ನೋಡುತ್ತ ನಿಂತ. ಪೊಲೀಸ್ ಕೆಲಸದಲ್ಲಿ ಲೂಪೆ ಎಂತೆಂಥ ಸುಳ್ಳುಗಾರರನ್ನೋ ನೋಡಿದ್ದಳು. ಅವರ ಮೇಲೆಲ್ಲ ಸಿಟ್ಟು ಬಂದಿತ್ತು. ಆದರೆ ಅವರಲ್ಲಿ ಯಾರೂ ಅವಳ ಮನೆಯಲ್ಲಿ ಉಂಡವರಲ್ಲ.

"ಕೂತ್ಕೊ, ಹೇಳ್ತೀನಿ," ಎಂದ ಡಾಮಿರ್ ಕೊನೆಗೆ. ಅವನೇ ಮೊದಲು ಕೂತ. "ಆ ಕಟ್ಟಡದ ಮಾಲೀಕರು ಮರ ನೆಡ್ತೀವಿ ಅಂತ ಮಾತು ಕೊಟ್ಟಿದ್ರು. ಮಾತು ಕೊಟ್ಟ ಮರಗಳನ್ನೂ ನಾವು ಅವಳೀಲಿ ಇಡ್ತೀವಿ, ತಿಳಿ ಹಸಿರಲ್ಲಿ. ಮುಂದೆ ಹೀಗಿರುತ್ತೆ ಅಂತ ತೋರಿಸೋಕೆ. ಅದು ಎಲ್ಲಾ ಊರಲ್ಲೂ ಇರೋ ಪದ್ಧತಿ, ತಪ್ಪೇನಲ್ಲ. ನನ್ನ ಹತ್ರ ಒಂದು ಒಳ್ಳೇ ಮರ ಇತ್ತು. ಅದನ್ನೇ ಹಾಕ್ದೆ."

"ಇವು ತಿಳಿ ಹಸಿರಲ್ಲ. ಕಡು ಹಸಿರು."

"ಸ್ಥಳದ ಸಾಕ್ಷಿ ಬಂದ್ಮೇಲೆ ಬಣ್ಣ ತಾನಾಗೇ ಕಡು ಆಗುತ್ತೆ. ತಿಳಿ ಹಸಿರಿಗೆ ನೆರಳಿನ ಲೆಕ್ಕ ಇಲ್ಲ, ಕಡು ಹಸಿರಿಗೆ ಇದೆ. ಕಟ್ಟಡ ನೀಲಿ ಆಗಿದ್ದು ಹಾಗೆ. ಅದು ನಾನು ಮಾಡಿದ್ದಲ್ಲ."

"ಆದ್ರೆ ನಿಂಗೆ ಗೊತ್ತಿತ್ತು."

"ಜನವರೀಲಿ ಗೊತ್ತಾಯ್ತು."

"ಡೊರಿಸ್ ಸಾಯೋಕ್ ಮೊದಲೋ, ಆಮೇಲೋ?"

ಡಾಮಿರ್ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿದ.

"ಶವಪೆಟ್ಟಿಗೆ ಹೊತ್ತಾಗ ಗೊತ್ತಿತ್ತಾ? ಅಷ್ಟು ಹೇಳು ಸಾಕು."

"ಗೊತ್ತಿತ್ತು," ಎಂದ. "ರಾಜ್ಯ ಸರ್ಕಾರದವರು ಮುಂದಿನ ತಿಂಗಳು ಬರ್ತಿದಾರೆ ಲೂಪೆ. ಪಶ್ಚಿಮ ಸಿಡ್ನಿ ಪೂರ್ತಿ ಈ ಅವಳೀನೇ ತಗೊಳ್ತಾರೆ. ಎಷ್ಟು ಜನ ಬದುಕ್ತಾರೆ ಯೋಚನೆ ಮಾಡು! ಒಂದು ಕಟ್ಟಡದ ತಪ್ಪಿಗೆ ಇಡೀದನ್ನ ಕಸದ ಬುಟ್ಟಿಗೆ ಹಾಕ್ಬಿಡ್ತಾರೆ. ಅವರು ಬಂದು ಹೋಗ್ಲಿ, ಆಮೇಲೆ ಸದ್ದಿಲ್ದೆ ಸರಿಮಾಡೋಣ ಅಂತಿದ್ದೆ."

"ನಾಳೆ ನಲವತ್ತಾರು ಅಂದ್ರೆ ನಾಳೇನೇ. ಮುಂದಿನ ತಿಂಗಳಲ್ಲ." ಲೂಪೆ ಎದ್ದು ಅವನ ಕುರ್ಚಿಯ ಎದುರು ನಿಂತಳು. "ಆ ಸಾಕ್ಷಿ ತೆಗಿ. ಯಾರು ಹೇಳಿದ್ದು?"

"ಬೇಡ."

"ವಿಚಾರಣೆಯ ಆದೇಶ ನನ್ನ ಜೇಬಲ್ಲಿದೆ. ಓದಿ ಹೇಳ್ಲಾ?"

"ಆದೇಶಕ್ಕಲ್ಲ ನಾನು ಬೇಡ ಅಂದಿದ್ದು." ಡಾಮಿರ್ ಮೊದಲ ಸಲ ಅವಳ ಮುಖ ನೋಡಿದ. "ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಕೇಳ್ಬೇಡ."

ಲೂಪೆ ಅವನನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿದಳು. ಚಕ್ರದ ಕುರ್ಚಿ ಉರುಳಿ ಗೋಡೆಗೆ ತಾಗಿತು. ಅವಳೇ ಮೊದಲ ಮರದ ಮೇಲೆ ಒತ್ತಿದಳು.

ಸ್ಥಳದ ಸಾಕ್ಷಿಗೆ ಒಂದು ನಿಯಮವಿತ್ತು. ಹಿಂದೆ ಕೆಲವು ಸೋಮಾರಿಗಳು ಕಾರಿನಿಂದ ಇಳಿಯದೆಯೇ ಗುಂಡಿ ಒತ್ತಿ ಹೋಗುತ್ತಿದ್ದರು. ಅದಕ್ಕೇ ಮರದ ಬುಡದಲ್ಲಿ ನಿಂತು, ಬಾಯಿಬಿಟ್ಟು ಹೇಳಿ, ದನಿ ಕಳಿಸಬೇಕು ಎಂದು ಮಾಡಿದ್ದರು. ಮರಕ್ಕೆ ಮರದ ಸದ್ದು ಇರುತ್ತದೆ, ಕಾರಿಗೆ ಕಾರಿನ ಸದ್ದು ಎಂದು. ದನಿ ಕಳಿಸಿದವನ ಹೆಸರು ಕೇಳುವವರಿಗೆ ಕಾಣುವುದಿಲ್ಲ. ಅದು ಕಾಣಬೇಕಾಗಿಯೂ ಇರಲಿಲ್ಲ.

"ಬೆಲ್‌ಬರ್ಡ್ ಕೋರ್ಟ್," ಎಂದಿತು ಒಂದು ಗಂಡುದನಿ. "ಹದಿನಾಲ್ಕು ಮರ. ನಾನೇ ಬುಡದಲ್ಲಿ ನಿಂತು ನೋಡ್ತಿದೀನಿ. ಎಲ್ಲಾ ಚೆನ್ನಾಗಿವೆ."

ಲೂಪೆಯ ಕೈ ಮೇಜಿನ ಮೇಲೆ ಹಾಗೇ ನಿಂತಿತು.

ದನಿ ಮುಗಿದರೂ ಸದ್ದು ಮುಗಿಯಲಿಲ್ಲ. ಹಿಂದೆ ಎಲೆಗಳ ಸರಸರ. ತಟ್ಟೆಗಳ ಸದ್ದು. ಮಕ್ಕಳು ಕಿರುಚುತ್ತ ಸ್ತೋತ್ರ ಹಾಡುತ್ತಿದ್ದರು. ಆಮೇಲೆ ಒಬ್ಬ ಮುದುಕಿ ದೂರದಿಂದ ಕೂಗಿದಳು: "ಸೆಫೋ! ಮಕ್ಕಳದ್ದಾಯ್ತು, ನೀನು ಬಾರೋ! ತಟ್ಟೇಲಿ ಪಲುಸಾಮಿ ಆರಿಹೋಗ್ತಿದೆ!"

ಅದು ಅಮ್ಮ.

ಅವಳ ಹಿಂದೆಯೇ ಇನ್ನೊಂದು ಹೆಣ್ಣುದನಿ, ಹತ್ತಿರದಿಂದ, ಬಾಯಿತುಂಬ ನಗುತ್ತ: "ಆ ಫೋನ್ ಆಚೆ ಇಡೋ, ಕೆಲಸ ಎಲ್ಲೂ ಓಡಿಹೋಗಲ್ಲ! ಡಾಮಿರ್, ನೀನೂ ಬಾ, ಇಬ್ಬರೂ ಮರದ ಕೆಳಗೆ ಏನು ಗುಸುಗುಸು?"

ಅದು ಅವಳೇ.

ದನಿ ನಿಂತಿತು. ಕೋಣೆಯ ಏಸಿ ಗುಂಯ್‌ಗುಡುತ್ತಿತ್ತು. ಲೂಪೆ ತನ್ನ ನಗುವನ್ನು ಇಷ್ಟು ಅಸಹ್ಯವಾಗಿ ಎಂದೂ ಕೇಳಿರಲಿಲ್ಲ. ಅವತ್ತು ಅವಳು ಎಲ್ಲರಿಗೂ ಬಡಿಸಿ ಬಡಿಸಿ ಸುಸ್ತಾಗಿದ್ದಳು; ಆದರೂ ಖುಷಿಯಾಗಿದ್ದಳು. ಅಪ್ಪನ ಮರದ ಕೆಳಗೆ ತಮ್ಮ ಮತ್ತು ಗೆಳೆಯ ಪಿಸುಗುಟ್ಟುತ್ತಿದ್ದುದನ್ನು ನೋಡಿ, ಮಕ್ಕಳಿಗೆ ಏನೋ ಉಡುಗೊರೆ ತಂದಿದ್ದಾರೆ ಎಂದುಕೊಂಡಿದ್ದಳು.

"ತಿಳಿ ಹಸಿರಲ್ಲಿ ಹಾಕಿದ್ದೆ ಅಂದ್ಯಲ್ಲ," ಎಂದಳು. ದನಿ ಅವಳಿಗೇ ಅಪರಿಚಿತವಾಗಿತ್ತು. "ಆಮೇಲೆ ಯಾರೋ ಸಾಕ್ಷಿ ಹೇಳಿದ್ರು ಅಂದೆ."

"ಲೂಪೆ, ನಾನು..."

"ನೀನು ನಮ್ಮ ಮರ ಅಳೆದಿದ್ದು ಬಿಳಿ ಭಾನುವಾರ. ಸೆಫೊ ಸಾಕ್ಷಿ ಹೇಳಿದ್ದೂ ಬಿಳಿ ಭಾನುವಾರ. ನಿನ್ನ ಯಂತ್ರ ಆಗಿನ್ನೂ ಬೆನ್ನಿಂದ ಇಳಿದಿರ್ಲಿಲ್ಲ. ಅವಳೀಲಿ ಒಂದು ಮರಾನೂ ಇರ್ಲಿಲ್ಲ. ಹುಟ್ಟದೇ ಇರೋ ಮರಕ್ಕೆ ಚೆನ್ನಾಗಿದೆ ಅಂತ ಹೇಳಿಸಿದೀಯ. ನೀನೇ ಪಕ್ಕದಲ್ಲಿ ನಿಂತು ಹೇಳಿಸಿದೀಯ. ನಮ್ಮ ಹಿತ್ತಲಲ್ಲಿ, ನಾನು ಬಡಿಸ್ತಿರೋವಾಗ."

ಡಾಮಿರ್ ಕನ್ನಡಕ ತೆಗೆದ. ಈ ಸಲ ಒರೆಸಲಿಲ್ಲ.

"ರಾಜ್ಯದವರಿಗೆ ತೋರಿಸೋಕೆ ಒಂದು ನೀಲಿ ಕಟ್ಟಡ ಬೇಕಿತ್ತು. ಸೆಫೊ ಮೊದಲು ಒಪ್ಪಲಿಲ್ಲ," ಎಂದ. "ಬೇಸಿಗೆಗೆ ಮೊದಲೇ ಮಾಲೀಕರು ನಿಜವಾಗ್ಲೂ ನೆಡ್ತಾರೆ, ನಿನ್ನ ಗುಂಪಿಗೇ ಕೆಲಸ ಕೊಡ್ತಾರೆ ಅಂದೆ. ಬರೀ ಒಂದು ಮಾತು ತಾನೇ ಅಂದೆ. ನನ್ನ ಮೇಲಿನ ನಂಬಿಕೆಗೆ ಹೇಳ್ದ."

"ನಿನ್ನನ್ನ ನಂಬೋದು ನಮ್ಮ ಮನೇಲಿ ಎಲ್ಲರಿಗೂ ಇರೋ ರೋಗ."

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತಿರವಾಗುತ್ತಿತ್ತು. ಲೂಪೆ ಫೋನ್ ತೆಗೆದಳು. ಈ ದನಿ ಹೊರಗೆ ಹೋದರೆ ತಮ್ಮನ ಕೆಲಸ ಹೋಗುತ್ತದೆ. ಕೆಲಸ ಹೋಗುವುದು ಬಿಡು, ಒಂದು ಸಾವಿನ ವಿಚಾರಣೆಯಲ್ಲಿ ಅವನು ಕಟಕಟೆ ಹತ್ತಬೇಕಾಗುತ್ತದೆ. ಅಮ್ಮ ಅದನ್ನು ಹೇಗೆ ತಡೆದುಕೊಳ್ಳುತ್ತಾಳೆ? ಹೊರಗೆ ಹೋಗದಿದ್ದರೆ ನಾಳೆ ಚೆನ್ಸು ಹಕ್ಕಿಯ ಪಂಜರದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ.

"ಯೋಚನೆ ಮಾಡು," ಎಂದ ಡಾಮಿರ್, ಮೆಲ್ಲಗೆ. "ಅವನು ನಿನ್ನ ತಮ್ಮ."

ಆ ಮಾತೇ ಅವಳ ಅನುಮಾನವನ್ನು ಕಳೆಯಿತು. ತಮ್ಮನನ್ನು ಗುರಾಣಿ ಮಾಡಿಕೊಂಡು ಅವನ ಬೆನ್ನ ಹಿಂದೆ ನಿಂತಿದ್ದ ಮನುಷ್ಯ ಈಗ ತಮ್ಮನ ಹೆಸರಿನಲ್ಲಿ ಕನಿಕರ ಬೇಡುತ್ತಿದ್ದ. ಅವಳು ದನಿಯನ್ನು ಬ್ರೊನ್ವಿನ್‌ಗೆ ಕಳಿಸಿ, ಕರೆ ಮಾಡಿದಳು.

"ಕೇಳ್ದೆ," ಎಂದಳು ಬ್ರೊನ್ವಿನ್, ಮೂಗಿನಲ್ಲೇ. "ಮರ ಚೆನ್ನಾಗಿವೆ ಅಂತಿದಾನಲ್ಲ? ಇದು ಸುಳ್ಳು ಅಂತ ಹೇಗೆ ಹೇಳ್ತೀರಿ ಸಾರ್ಜೆಂಟ್?"

"ಪೂರ್ತಿ ಕೇಳಿ. ಹಿಂದೆ ಊಟದ ಸದ್ದು ಇದೆ. ಅದು ಬೆಲ್‌ಬರ್ಡ್ ಕೋರ್ಟ್ ಅಲ್ಲ, ನಮ್ಮಮ್ಮನ ಹಿತ್ತಲು."

"ಹಾಗಂತ ಯಾರು ಹೇಳ್ತಾರೆ?"

"ನಾನೇ. ಕೊನೇಲಿ ನಗೋದು ಕೇಳುತ್ತಲ್ಲ, ಅದು ನಾನು. ಮಾತಾಡೋನು ನನ್ನ ಒಡಹುಟ್ಟಿದ ತಮ್ಮ. ಬರ್ಕೊಳ್ಳಿ, ಸಹಿ ಹಾಕ್ತೀನಿ."

ಆ ಕಡೆ ಅದೇ ನಗು ಇನ್ನೊಮ್ಮೆ ಕೇಳಿಸಿತು. ಆಮೇಲೆ ಬ್ರೊನ್ವಿನ್, ಮೂಗಿನ ಗತ್ತು ಬಿಟ್ಟು, "ಆಯ್ತಮ್ಮ," ಎಂದಳು. "ಸಾಕ್ಷಿ ರದ್ದು ಮಾಡ್ತಿದೀನಿ. ಎರಡು ಬಸ್ಸು ಹಾಕ್ತೀನಿ."

ಪರದೆಯ ಮೇಲೆ ಹದಿನಾಲ್ಕು ಮಾವಿನಮರಗಳು ತಿಳಿ ಹಸಿರಾದವು. ಅವುಗಳ ನೆರಳು ಡಾಂಬರಿನ ಮೇಲಿಂದ ಅಳಿಸಿಹೋಯಿತು. ಬೆಲ್‌ಬರ್ಡ್ ಕೋರ್ಟಿನ ಪಡುವಣ ಗೋಡೆ ಮೊದಲು ಹಳದಿಯಾಯಿತು, ಆಮೇಲೆ ಕಿತ್ತಳೆ, ಆಮೇಲೆ ಕಡುಕೆಂಪು. ಆ ಗೋಡೆಯ ಮೂರನೇ ಮಹಡಿಯ ಕಿಟಕಿ ಎಲ್ಲಕ್ಕಿಂತ ಕೆಂಪಗಿತ್ತು. ಡೊರಿಸ್ ಸತ್ತ ದಿನ ಅದು ಹೀಗೇ ಇದ್ದಿರಬೇಕು.

ಲೂಪೆ ಅತ್ತುಬಿಟ್ಟಳು. ನಿಂತಲ್ಲೇ, ಡಾಮಿರನ ಎದುರಿಗೇ, ಮುಖ ಮುಚ್ಚಿಕೊಳ್ಳದೆ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ನಡುಗಿತು. ಅಮ್ಮ.

"ಲೂಪೆ, ಏನೇ ಇದು ನಿನ್ನ ಹುಚ್ಚಾಟ?" ಅಮ್ಮನ ದನಿಯಲ್ಲಿ ಏದುಸಿರು. "ನಿಮ್ಮಪ್ಪನ ಮರ ಕಡಿ ಅಂತ ಸೆಫೊಗೆ ಹೇಳಿದ್ಯಾ?"

"ಏನು?"

"ಮೋಟಾರ್ ಗರಗಸ ಹಿಡ್ಕೊಂಡು ಬಂದು ನಿಂತಿದಾನೆ. ಮರಕ್ಕೆ ರೋಗ ಬಂದಿದೆ, ಇವತ್ತೇ ಕಡೀಬೇಕು, ಅಕ್ಕನೇ ಹೇಳಿದ್ಲು ಅಂತಾನೆ. ನಿಜವೇನೇ? ಮುಖ ನೋಡಿದ್ರೆ ಜ್ವರ ಬಂದೋನ ಹಾಗಿದಾನೆ, ನನ್ನ ಕಣ್ಣಿಗೆ ಕಣ್ಣೇ ಕೊಡ್ತಿಲ್ಲ."

ಆ ಮರವೇ ಇಲ್ಲದಿದ್ದರೆ ಪರದೆಯ ಮೇಲಿನ ಮರ ಅದರದೇ ನಕಲು ಎಂದು ನಾಳೆ ಯಾರೂ ತೋರಿಸುವಂತಿಲ್ಲ. ಆದರೆ ಅವಳು ಮರವನ್ನು ಗುರುತು ಹಿಡಿದದ್ದು ಈಗಷ್ಟೇ, ಈ ಕೋಣೆಯಲ್ಲಿ. ಅದು ಮಾವು ಎಂದು ಅವಳ ಬಾಯಿಂದ ಬಂದಿದ್ದು ಒಬ್ಬನೇ ಒಬ್ಬನ ಎದುರಿಗೆ.

ಲೂಪೆ ತಲೆಯೆತ್ತಿ ಡಾಮಿರನನ್ನು ನೋಡಿದಳು. ಬರಿಗೈಯಲ್ಲಿ ವಾಪಸ್ ಬಂದ ಮನುಷ್ಯ. ಕೆಟ್ಟಿರದ ಕಾಫಿ ಮಷಿನ್. ಅವನ ಕೈ ತನಗರಿವಿಲ್ಲದೆಯೇ ಜೇಬಿನ ಫೋನಿನ ಮೇಲೆ ಹೋಗಿತ್ತು.

"ಫೋನ್ ಮಾಡಿದ್ಯಾ?" ಎಂದಳು. "ನಾನಿಲ್ಲಿ ನಿನ್ನನ್ನ ನಂಬ್ಕೊಂಡು ಕೂತಿರುವಾಗ?"

"ಅವನನ್ನ ಉಳಿಸೋಕೆ ಅಂತ..." ಎಂದು ಡಾಮಿರ್ ಶುರು ಮಾಡಿದ. ಅವಳು ಕೇಳಿಸಿಕೊಳ್ಳಲಿಲ್ಲ.

"ಅಮ್ಮಾ, ನಾನು ಹೇಳಿಲ್ಲ! ಅವನನ್ನ ಮರದ ಹತ್ರ ಬಿಡ್ಬೇಡ. ಫೋನ್ ಅವನ ಕೈಗೆ ಕೊಡು."

"ಕೂಗ್ತ ಇದೀನಿ, ಕಿವಿಗೆ ಅದೇನೋ ಸಿಕ್ಕಿಸ್ಕೊಂಡುಬಿಟ್ಟಿದಾನೆ, ಕೇಳಿಸ್ತಿಲ್ಲ. ಅಯ್ಯೋ, ಆ ಮುದುಕಪ್ಪ ಬೇರೆ ಕುರ್ಚಿ ಬಿಟ್ಟು ಏಳ್ತಿಲ್ಲ ಕಣೇ!"

"ಚೆನ್ಸುನಾ? ಎಲ್ಲಿದಾರೆ ಅವರು?"

"ಮರದ ಬುಡಕ್ಕೇ ಕುರ್ಚಿ ಎಳ್ಕೊಂಡು, ಬೆನ್ನು ಆನಿಸಿ ಕೂತ್ಬಿಟ್ಟಿದಾರೆ. 'ನನ್ನ ಡೊರಿಸ್‌ಗೆ ಒಂದು ಮರಾನೂ ಸಿಗ್ಲಿಲ್ಲ, ಇದನ್ನ ಮುಟ್ಟೋಕೆ ಬಿಡಲ್ಲ' ಅಂತ ಕಿರಚ್ತಿದಾರೆ. ಸೆಫೊ ಆ ಕಡೆಯಿಂದ, ಹಿಂದಿನಿಂದ ಹೋಗ್ತಿದಾನೆ. ಮುದುಕಪ್ಪ ಅವನಿಗೆ ಕಾಣಿಸ್ತಿದಾರೋ ಇಲ್ವೋ, ಕಾಂಡ ಅಡ್ಡ ಇದೆ. ಸೆಫೋ! ಲೋ ಸೆಫೋ!"

ಲೂಪೆ ಆಗಲೇ ಬಾಗಿಲು ದಾಟಿ ಓಡುತ್ತಿದ್ದಳು. ಕಿವಿಗೊತ್ತಿದ ಫೋನಿನಲ್ಲಿ ಗರಗಸ ಚಾಲೂ ಮಾಡುವ ಹಗ್ಗ ಎಳೆದ ಸದ್ದು ಕೇಳಿಸಿತು. ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ಎಳೆದ, ಮತ್ತೆ ಸುಮ್ಮನಾಯಿತು.

ಮೂರನೆಯ ಸಲಕ್ಕೆ ಹತ್ತಿಕೊಂಡಿತು.